ಶೆಟ್ಟರ ಅಂಗಡಿಯಲ್ಲಿ ಸಿಗದ ಸಾಮಾನು

ನನ್ನ ಲೆಕ್ಕದಲ್ಲಿ ಬಿಯರ್‌ನಲ್ಲಿ ಎರಡೇ ಬಗೆ. ತಣ್ಣಗಿರುವುದು, ತಣ್ಣಗಿಲ್ಲದಿರುವುದು. ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಗೆಳೆಯರ ಜೊತೆ ಬಾರಿಗೆ ಹೋದಾಗ ನಾವು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ಚಿಲ್ಡ್ ಇದ್ಯಾ?" ಇದೆ ಅಂದರೆ ಕೂರುವುದು. ಇಲ್ಲ ಅಂದರೆ ಪಕ್ಕದ ಬಾರು. 650 ಎಂಎಲ್ ಬಾಟ್ಲಿ, ಒದ್ದೆಯಾಗಿ ಅರ್ಧ ಕಿತ್ತುಬಂದ ಲೇಬಲ್ಲು, ಒಂದು ಪ್ಲೇಟ್ ಕಾಂಗ್ರೆಸ್ ಕಡಲೆಬೀಜ. ರುಚಿಯ ಬಗ್ಗೆ ಯಾರಾದರೂ ಮಾತಾಡಿದ್ದು ನೆನಪಿಲ್ಲ. ಮಾತೆಲ್ಲ ಪ್ರಮೋಷನ್ನು, ಟ್ರಾನ್ಸ್‌ಫರ್ರು.

ಹೀಗೆ ನೆಮ್ಮದಿಯಾಗಿದ್ದ ನನ್ನನ್ನು ಅಕ್ಕನ ಮಗ ಒಂದು ಎರಡನೇ ಶನಿವಾರ ಇಂದಿರಾನಗರಕ್ಕೆ ಎಳೆದುಕೊಂಡು ಹೋದ. "ಮಾಮ, ನೀವು ಇಷ್ಟು ವರ್ಷ ಕುಡಿದಿದ್ದು ಬರೀ ತಣ್ಣೀರು. ಅಷ್ಟು ತಣ್ಣಗಿದ್ರೆ ನಾಲಗೆ ಮರಗಟ್ಟತ್ತೆ, ರುಚಿ ಎಲ್ಲಿಂದ ಗೊತ್ತಾಗ್ಬೇಕು?" ಅಂದ. ಇಪ್ಪತ್ತೆಂಟು ವರ್ಷದ ಸರ್ವೀಸನ್ನು ಒಂದೇ ಮಾತಿನಲ್ಲಿ ಅಳಿಸಿಬಿಟ್ಟ. ಅಕ್ಕನ ಮಗನ ಜೊತೆ ಕೂತು ಕುಡಿಯುವುದು ಸರಿಯಾ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಎದ್ದಿತು. ಬಿಲ್ಲು ತಾನೇ ಕೊಡುತ್ತೇನೆ ಎಂದ ಮೇಲೆ ಕೂತುಕೊಂಡಿತು. ಅಮ್ಮನಿಗೆ "ಇವನ ಆಫೀಸ್ ಕಡೆ ಸ್ವಲ್ಪ ಕೆಲಸ" ಎಂದು ಹೇಳಿ ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಹೆಂಡತಿ ಏನೂ ಕೇಳಲಿಲ್ಲ. ಅವಳು ಕೇಳಲಿಲ್ಲ ಎಂದರೆ ಅವಳಿಗೆ ಗೊತ್ತಾಗಿದೆ ಎಂದೇ ಅರ್ಥ.

ಒಳಗೆ ಕಾಲಿಟ್ಟಾಗ ಹಾಲಿನ ಡೈರಿಗೆ ಬಂದ ಹಾಗಾಯಿತು. ಗಾಜಿನ ಗೋಡೆಯ ಆಚೆ ಆಳೆತ್ತರದ ಸ್ಟೀಲ್ ಟ್ಯಾಂಕುಗಳು, ಮೀಟರುಗಳು, ಪೈಪುಗಳು. ಬೆಂಗಳೂರಿನಲ್ಲಿ 2011ರ ಸುಮಾರಿಗೆ ಶುರುವಾದ ಮೈಕ್ರೋಬ್ರುವರಿಗಳ ಪೈಕಿಯದೇ ಇದೂ ಒಂದು. ಅಲ್ಲೇ ಬೇಯಿಸಿ, ಅಲ್ಲೇ ಹುದುಗು ಬರಿಸಿ, ಅಲ್ಲೇ ನಲ್ಲಿ ತಿರುಗಿಸಿ ಕೊಡುತ್ತಾರೆ. ಪಟ್ಟಿ ನೋಡಿದೆ. ಐಪಿಎ ಎಂದು ಬರೆದಿತ್ತು. ಸಾಲದ ವಿಭಾಗದವನು ನಾನು, ನನ್ನ ಕಣ್ಣಿಗೆ ಅದು ಎನ್‌ಪಿಎ (ವಸೂಲಾಗದ ಸಾಲ) ಎಂದೇ ಕಂಡಿತು. ರಜಾ ದಿನವೂ ಬಿಡಲ್ವಲ್ಲ ಎಂದು ಪಟ್ಟಿ ಮುಚ್ಚಿಟ್ಟೆ.

"ಫ್ಲೈಟ್ ಹೇಳ್ಲಾ ಮಾಮ?"

"ಬೇಡಪ್ಪ, ಮೆಟ್ರೋದಲ್ಲೇ ವಾಪಸ್ ಹೋಗೋಣ."

ಆರು ಪುಟಾಣಿ ಲೋಟಗಳನ್ನು ಜೋಡಿಸಿದ ಮರದ ಹಲಗೆಗೆ ಫ್ಲೈಟ್ ಅನ್ನುತ್ತಾರಂತೆ. ಕೆಳಗೊಂದು ಕಾಗದ. ಒಂದೊಂದು ಲೋಟದ ಕೆಳಗೂ ಒಂದೊಂದು ಹೆಸರು. ಲೋಟಕ್ಕೆ ಸುಮಾರು 100 ಎಂಎಲ್. ಆರನ್ನೂ ಕೂಡಿಸಿದರೆ ನಮ್ಮ ಒಂದು ಬಾಟ್ಲಿಗೂ ಕಮ್ಮಿ. ಬೆಲೆ ಮಾತ್ರ ಬೇರೆ. ನಾನು ಆಫೀಸಿನ ಅಭ್ಯಾಸದಂತೆ ಕಷ್ಟದ ಫೈಲನ್ನು ಮೊದಲು ಮುಗಿಸೋಣ ಎಂದು ಬಲತುದಿಯ ಕಪ್ಪು ಲೋಟಕ್ಕೆ ಕೈ ಹಾಕಿದೆ. ಅಕ್ಕನ ಮಗ ನನ್ನ ಕೈ ಹಿಡಿದುಕೊಂಡ. ಎಡದಿಂದ ಬಲಕ್ಕೆ ಹೋಗಬೇಕಂತೆ. ಹಗುರವಾದದ್ದು ಮೊದಲು, ಕಹಿ ಮತ್ತು ಕಪ್ಪು ಕೊನೆಗೆ. ಉಪ್ಪಿನಕಾಯಿ ನೆಕ್ಕಿಕೊಂಡು ಆಮೇಲೆ ಕೋಸಂಬರಿ ಸಪ್ಪೆ ಅಂದರೆ ಹೇಗೆ, ಅಲ್ವಾ? ಆ ನ್ಯಾಯ ನನಗೂ ಒಪ್ಪಿಗೆಯಾಯಿತು. ಆದರೆ ಕಡಲೆಬೀಜವೂ ಬೇಡ, ಖಾರ ನಾಲಗೆ ಕೆಡಿಸತ್ತೆ ಎಂದು ನೀರು ಮತ್ತು ಸಪ್ಪೆ ಬಿಸ್ಕತ್ತು ತರಿಸಿದನಲ್ಲ, ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಜ್ವರದವರಿಗೆ ಕೊಡುವ ಪಥ್ಯ ಅದು.

"ಮೊದ್ಲು ಲೋಟ ಹಿಂಗೆ ತಿರುಗಿಸಿ, ವಾಸನೆ ಏಳತ್ತೆ. ಆಮೇಲೆ ಮೂಸಿ."

ತಿರುಗಿಸಿದೆ. ಕೆಮ್ಮಿನ ಔಷಧಿ ಅಲ್ಲಾಡಿಸಿ ರೂಢಿಯಾದ ಕೈ ಇದು. ಮೊದಲನೆಯ ಲೋಟದಲ್ಲಿದ್ದ ಪಿಲ್ಸ್‌ನರ್ ಅರ್ಧಕ್ಕರ್ಧ ಹಾರಿ ಪಕ್ಕದ ಟೇಬಲ್ಲಿನವರ ಬಿಳಿ ಶರ್ಟಿನ ತೋಳಿಗೆ ಬಿತ್ತು. ಗಾಬರಿಯಿಂದ ಟಿಶ್ಯೂ ಹಿಡಿದುಕೊಂಡು ಎದ್ದೆ. ಆತ ತೋಳನ್ನು ಮೂಗಿನ ಹತ್ತಿರ ತಂದುಕೊಂಡು, ಕಣ್ಣು ಮುಚ್ಚಿ ಮೂಸಿ, "ಪಿಲ್ಸ್‌ನರಾ? ಚೆನ್ನಾಗಿದೆ" ಎಂದ. ಅಂಥವರು ಕೂರುವ ಜಾಗ ಅದು.

ಹುಡುಗ ನನಗೆ ಸಮಾಧಾನ ಹೇಳಿದ. ಪಿಲ್ಸ್‌ನರ್ ಹುಟ್ಟಿದ್ದೇ ಚೆಲ್ಲಾಟದಿಂದಂತೆ. ಬೊಹೀಮಿಯಾದ (ಈಗಿನ ಚೆಕ್ ದೇಶ) ಪಿಲ್ಸೆನ್ ಎಂಬ ಊರಿನ ಬಿಯರ್ ಎಷ್ಟು ಕೆಟ್ಟಿತ್ತೆಂದರೆ, 1838ರಲ್ಲಿ 36 ಪೀಪಾಯಿ ಬಿಯರನ್ನು ಟೌನ್‌ಹಾಲ್ ಮುಂದೆ ಸುರಿದುಬಿಟ್ಟರು. ಆಮೇಲೆ ಊರವರೇ ಸೇರಿ ಹೊಸ ಬ್ರುವರಿ ಕಟ್ಟಿ, ಜರ್ಮನಿಯ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬವನನ್ನು ಕರೆಸಿದರು. 1842ರಲ್ಲಿ ಆತ ಇಳಿಸಿದ್ದು ಚಿನ್ನದ ಬಣ್ಣದ ಈ ತಿಳಿ ಬಿಯರ್. ನಾವು ಬಾಟ್ಲಿಯಲ್ಲಿ ಕುಡಿಯುವ ಲಾಗರ್‌ಗಳೆಲ್ಲ ಅದರದ್ದೇ ಮರಿಮಕ್ಕಳು. ಉಳಿದ ಅರ್ಧ ಲೋಟ ಕುಡಿದೆ. ಅಜ್ಜ ಮೊಮ್ಮಕ್ಕಳಿಗಿಂತ ಗಟ್ಟಿಮುಟ್ಟಾಗಿದ್ದ.

"ಈ ಬಣ್ಣ ಬರೋದು ಮಾಲ್ಟಿಂದ" ಎಂದು ಅವನು ಪಾಠ ಮುಂದುವರಿಸಿದ. ಬಾರ್ಲಿ ನೆನೆಸಬೇಕು, ಮೊಳಕೆ ಬರಿಸಬೇಕು, ಒಣಗಿಸಬೇಕು, ಹದವಾಗಿ ಕಾಯಿಸಬೇಕು. ಆಮೇಲೆ ಅದನ್ನು ಒಡೆದು ಬಿಸಿನೀರಿನಲ್ಲಿ ನೆನೆಹಾಕಿದರೆ ಕಾಳಿನ ಹಿಟ್ಟೆಲ್ಲ ಸಕ್ಕರೆಯಾಗುತ್ತದೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಇದನ್ನೆಲ್ಲ ಅವನು ಯಾವುದೋ ವೀಡಿಯೋ ನೋಡಿ ಕಲಿತಿದ್ದನಂತೆ. ನನಗೆ ನಗು ಬಂತು. ಇವನು ಆರು ತಿಂಗಳ ಕೂಸಾಗಿದ್ದಾಗ ನಮ್ಮಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ ಸರಿ ಮಾಡಿ ತಿನ್ನಿಸುತ್ತಿದ್ದರು. ಇವನ ಬಾಯಿಗೆ ಬಿದ್ದ ಮೊದಲ ಮಾಲ್ಟ್ ಅಜ್ಜಿಯ ಕೈಯದ್ದು. ಹೇಳಿದರೆ ಬೇಜಾರು ಮಾಡಿಕೊಂಡಾನು ಎಂದು ಸುಮ್ಮನಾದೆ.

ಎರಡನೆಯದು ಹೆಫೆವೈಜನ್. ಬವೇರಿಯಾದ ಗೋಧಿ ಬಿಯರ್. ಮಬ್ಬಾಗಿ, ಥೇಟ್ ಬಾರ್ಲಿ ನೀರಿನ ಹಾಗಿತ್ತು. "ಬಾಳೆಹಣ್ಣು ಮತ್ತೆ ಲವಂಗದ ವಾಸನೆ ಬರತ್ತೆ ನೋಡಿ. ಎರಡನ್ನೂ ಹಾಕಿರಲ್ಲ. ಯೀಸ್ಟೇ ಆ ವಾಸನೆ ಹುಟ್ಟಿಸೋದು" ಅಂದ. ಮೂಸಿದೆ. ಹೌದಲ್ಲ! ಬಾಳೆಹಣ್ಣು! ಯಾವ ಬಾಳೆಹಣ್ಣು ಎಂಬ ಬಗ್ಗೆ ಚರ್ಚೆಯಾಯಿತು. ಅವನು ಪಚ್ಚಬಾಳೆ ಅಂದ. ನಾನು ಏಲಕ್ಕಿಬಾಳೆ, ಅದೂ ಸತ್ಯನಾರಾಯಣ ಪೂಜೆಯ ಮಾರನೇ ದಿನದ್ದು ಅಂದೆ. ಜೇಬಿನಲ್ಲಿದ್ದ ಪೇ-ಇನ್ ಸ್ಲಿಪ್ಪಿನ ಹಿಂದೆ ಬರೆದುಕೊಂಡೆ: ಬಾಳೆಹಣ್ಣು (ಚೆನ್ನಾಗಿ ಕಳಿತದ್ದು), ಲವಂಗ. ಬ್ಯಾಂಕಿನವರ ಜೇಬಿನಲ್ಲಿ ದುಡ್ಡು ಇಲ್ಲದಿದ್ದರೂ ಸ್ಲಿಪ್ಪು ಇರುತ್ತದೆ.

ಮೂರನೆಯದೂ ಮಬ್ಬು. ಇದು ಬೆಲ್ಜಿಯಂನ ವಿಟ್. 1516ರಲ್ಲಿ ಬವೇರಿಯಾದ ದೊರೆಗಳು ಬಿಯರಿಗೆ ನೀರು, ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವು ಬಿಟ್ಟು ಬೇರೇನೂ ಹಾಕಬಾರದು ಎಂದು ಕಾನೂನು ಮಾಡಿದ್ದರಂತೆ. ಬೆಲ್ಜಿಯಂನವರು ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ, ಕೊತ್ತಂಬರಿ ಬೀಜ ಹಾಕಿದರು. ಜೊತೆಗೆ ಕಿತ್ತಳೆ ಸಿಪ್ಪೆ. ಈ ಬಗೆಯ ಬಿಯರ್ ಅಲ್ಲಿ ನಿಂತೇ ಹೋಗಿತ್ತು. 1966ರಲ್ಲಿ ಹೂಗಾರ್ಡನ್ ಎಂಬ ಊರಿನಲ್ಲಿ ಅದನ್ನು ಮತ್ತೆ ಶುರು ಮಾಡಿದವನು ಪಿಯೇರ್ ಸೆಲಿಸ್, ಅದಕ್ಕೂ ಮುಂಚೆ ಹಾಲು ಹಾಕುತ್ತಿದ್ದವನು. ನಮ್ಮ ಬೀದಿಯ ಹಾಲಿನವನೂ ನೀರಿನ ವಿಷಯದಲ್ಲಿ ಇಂಥ ಪ್ರಯೋಗಗಳನ್ನು ಮಾಡುತ್ತಿರುತ್ತಾನೆ. ಮೂಸಿದೆ. ಅಮ್ಮ ಹುಳಿಪುಡಿಗೆ ಧನಿಯಾ ಹುರಿಯುವಾಗ ಬರುವ ಘಮ. "ಆಹಾ, ಇದಪ್ಪಾ ಸ್ಪಷ್ಟ!" ಎಂದು ಅದನ್ನೂ ಬರೆದೆ.

ಆಗ ವೇಟರ್ ಹುಡುಗ ಓಡಿಬಂದ. ಮದ್ದೂರಿನ ಕಡೆಯವನು. "ಸಾರಿ ಸಾರ್, ಎರಡನೇದು ಮೂರನೇದು ಅದ್ಲು ಬದ್ಲು ಇಟ್ಬುಟ್ಟಿವ್ನಿ" ಅಂದ.

ನಾನು, ಅಕ್ಕನ ಮಗ ಮುಖ ಮುಖ ನೋಡಿಕೊಂಡೆವು. ನಾನು ಏಲಕ್ಕಿಬಾಳೆ ಕಂಡದ್ದು ಕೊತ್ತಂಬರಿ ಬೀಜದ ಬಿಯರಿನಲ್ಲಿ. ಕೊತ್ತಂಬರಿ ಕಂಡದ್ದು ಬಾಳೆಹಣ್ಣಿನದರಲ್ಲಿ. ಅವನು ಲೋಟಗಳನ್ನು ಸರಿಯಾಗಿ ಇಟ್ಟು ಹೋದ ಮೇಲೆ ಮತ್ತೆ ಮೂಸಿದೆವು. ಈಗ ಬಾಳೆಹಣ್ಣು ಬಾಳೆಹಣ್ಣಿನ ಜಾಗದಲ್ಲೇ ಇತ್ತು, ಧನಿಯಾ ಧನಿಯಾ ಜಾಗದಲ್ಲಿ. ಬೇರೆ ಯಾರದೋ ಜಾತಕ ನೋಡಿ ಹೇಳಿದ ಭವಿಷ್ಯವೂ ನಮಗೇ ಸರಿಹೊಂದುತ್ತದಲ್ಲ, ಹಾಗೆ. ಹುಡುಗ ಸ್ವಲ್ಪ ಹೊತ್ತು ಪಾಠ ನಿಲ್ಲಿಸಿದ. ನಾನು ಆ ಶಾಂತಿಯಲ್ಲಿ ಎರಡನ್ನೂ ಮುಗಿಸಿದೆ. ಮೂಸದೆ ಕುಡಿದಾಗ ಎರಡೂ ಚೆನ್ನಾಗಿದ್ದವು.

ನಾಲ್ಕನೆಯದರ ಹೆಸರು ಗೋಸೆ. ಜರ್ಮನಿಯ ಗೋಸ್ಲಾರ್ ಎಂಬ ಊರಿನಲ್ಲಿ ಹರಿಯುವ ಹೊಳೆಯ ಹೆಸರು. ಮೊಸರು ಹುಳಿಯಾಗುತ್ತದಲ್ಲ, ಅದೇ ಜಾತಿಯ ಬ್ಯಾಕ್ಟೀರಿಯಾದಿಂದ ಈ ಬಿಯರಿಗೂ ಹುಳಿ ಬರುತ್ತದೆ. ಮೇಲೆ ಉಪ್ಪು, ಕೊತ್ತಂಬರಿ ಬೀಜ. ಒಂದು ಗುಟುಕಿಗೇ ಗುರುತು ಸಿಕ್ಕಿತು. ಇದು ಮಜ್ಜಿಗೆ. ರಾಮನವಮಿಗೆ ನಮ್ಮ ಬೀದಿಯಲ್ಲಿ ಚಪ್ಪರ ಹಾಕಿ ಬಿಟ್ಟಿ ಕೊಡುತ್ತಾರೆ. ಇಂಗಿನ ಒಗ್ಗರಣೆಯೊಂದು ಬಿದ್ದಿದ್ದರೆ ಜರ್ಮನ್ನರು ಎಲ್ಲಿಗೋ ಹೋಗಿಬಿಡುತ್ತಿದ್ದರು.

ಐದನೆಯದು ಆ ಐಪಿಎ. ಪಟ್ಟಿಯಲ್ಲಿ ಅದರ ಮುಂದೆ ಐಬಿಯು 60 ಎಂದಿತ್ತು. ಮಿಕ್ಕವೆಲ್ಲ ಹತ್ತು, ಹದಿನೈದು, ಹೆಚ್ಚೆಂದರೆ ಮೂವತ್ತು. ಪಾಪ ಎಲ್ಲವೂ ಫೇಲಾಗಿರುವಾಗ ಇದೊಂದು ಫಸ್ಟ್ ಕ್ಲಾಸ್ ಬಂದಿದೆ ಎಂದುಕೊಂಡು ದೊಡ್ಡ ಗುಟುಕನ್ನೇ ಎಳೆದೆ. ಐಬಿಯು ಎಂದರೆ ಕಹಿಯ ಅಳತೆ ಎಂದು ಆಮೇಲೆ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು. ಯುಗಾದಿಯ ಬೇವು-ಬೆಲ್ಲದಲ್ಲಿ ಬೆಲ್ಲವನ್ನು ಯಾರೋ ಕದ್ದ ಹಾಗಿತ್ತು. ಮದ್ದೂರಿನ ಹುಡುಗ ಓಡಿಬಂದು ನೀರು ಕೊಟ್ಟ. "ಹಾಗಲಕಾಯಿ ಕಣಪ್ಪಾ ಇದು" ಅಂದೆ. "ಹೂಂ ಸಾರ್, ಉಪ್ಪಲ್ಲಿ ಹಿಂಡ್ದೆ ಹಂಗೇ ಹಾಕ್ದಂಗೆ" ಅಂದ. ಇಡೀ ಸಂಜೆ ನಾನು ಕೇಳಿದ ವಿವರಣೆಗಳಲ್ಲಿ ಅದೇ ಕರಾರುವಾಕ್ಕು. ಅಕ್ಕನ ಮಗ ಮಾತ್ರ ಮಾವಿನಹಣ್ಣು, ಕಿತ್ತಳೆ, ಪೈನ್ ಮರ ಎಂದೆಲ್ಲ ಹೇಳುತ್ತಿದ್ದ. ಅದೆಲ್ಲ ಆ ಹಾಪ್ಸ್ ಹೂವಿನಿಂದಂತೆ. 18ನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನಿಂದ ಇಲ್ಲಿಗೆ ಬಿಯರ್ ಬರಲು ಹಡಗಿನಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಾಪ್ಸ್ ಜಾಸ್ತಿ ಹಾಕಿದರೆ ಬೇಗ ಕೆಡುವುದಿಲ್ಲ. ಆ ಬಿಯರಿಗೆ ಮುಂದೆ ಇಂಡಿಯಾ ಪೇಲ್ ಏಲ್ ಎಂದು ಹೆಸರಾಯಿತು. ಇಂಡಿಯಾ ಎಂದು ಹೆಸರಿದ್ದರೂ ಕುಡಿದವರು ಇಲ್ಲಿದ್ದ ಬ್ರಿಟಿಷರು. ನಮ್ಮ ಹೆಸರಿನಲ್ಲಿ ಸಾಲ ತೆಗೆದು ಬೇರೆಯವರು ಖರ್ಚು ಮಾಡಿದ ಕೇಸು. ನನಗೆ ಮೊದಲು ಎನ್‌ಪಿಎ ಎಂದು ಕಂಡದ್ದು ತಪ್ಪೇನಲ್ಲ.

ಕೊನೆಯ ಕಪ್ಪು ಲೋಟ ಸ್ಟೌಟ್. ನಾನು ಹೆದರಿದ್ದಷ್ಟೇ ಬಂತು. ಬಾರ್ಲಿಯನ್ನು ಕಪ್ಪಗಾಗುವ ಹಾಗೆ ಹುರಿಯುತ್ತಾರೆ, ಅದಕ್ಕೇ ಆ ಬಣ್ಣ. ಸಕ್ಕರೆ ಹಾಕದ ಡಿಕಾಕ್ಷನ್, ಜೊತೆಗೆ ಸೀದ ಬ್ರೆಡ್ಡು. ಹಿತವಾಗಿತ್ತು. ನಮ್ಮ ಬಾರಿನ ಸ್ಟ್ರಾಂಗ್ ಬಿಯರಿಗಿಂತ ಇದರಲ್ಲಿ ಆಲ್ಕೋಹಾಲೂ ಕಮ್ಮಿಯಂತೆ.

ಹೊರಡುವಾಗ ಹುಡುಗನಿಗೆ ಮತ್ತೆ ಹುರುಪು ಬಂತು. "ಮುಂದಿನ ಸಲ ಬೆಲ್ಜಿಯಂದು ಇನ್ನೊಂದು ಥರದ್ದು ಕುಡಿಸ್ತೀನಿ ಮಾಮ. ಅದ್ರಲ್ಲಿ ಬೇರೆ ಜಾತಿ ಯೀಸ್ಟು. ಕುದುರೆ ಕಂಬಳಿ ವಾಸನೆ ಬರತ್ತೆ." ತಮಾಷೆ ಎಂದುಕೊಂಡೆ. ನಿಜವಂತೆ. ಬಿಯರ್ ಬಲ್ಲವರು ಅದನ್ನು ಹಾಗೇ ಕರೆಯುತ್ತಾರೆ, ಹೊಗಳಿಕೆಯಾಗಿಯೇ. ಮರೆಯದಿರಲಿ ಎಂದು ಸ್ಲಿಪ್ಪಿನ ಕೊನೆಯ ಸಾಲಿನಲ್ಲಿ ಬರೆದುಕೊಂಡು, ಮಡಚಿ ಶರ್ಟಿನ ಜೇಬಿಗೆ ಹಾಕಿಕೊಂಡೆ. ಮೆಟ್ರೋದಲ್ಲಿ ಬಾಯಿ ಬಿಗಿ ಮುಚ್ಚಿಕೊಂಡು ಕೂತು ವಿಜಯನಗರ ತಲುಪಿದೆ. ಏಲಕ್ಕಿ ಅಗಿದು ಮನೆಯೊಳಗೆ ಹೋದೆ. ಅಮ್ಮ ಮಲಗಿದ್ದರು. ಗೆದ್ದೆ ಎಂದುಕೊಂಡೆ.

ಭಾನುವಾರ ಎದ್ದಾಗ ಒಂಬತ್ತೂವರೆ. ಊಟದ ಮೇಜಿನ ಮೇಲೆ ದೊಡ್ಡ ಕೈಚೀಲ. ಅಮ್ಮ ಅದರಿಂದ ಒಂದೊಂದೇ ಸಾಮಾನು ತೆಗೆದು ಜೋಡಿಸುತ್ತಿದ್ದರು. ಏಲಕ್ಕಿಬಾಳೆ ಒಂದು ಚಿಪ್ಪು, ಚೆನ್ನಾಗಿ ಕಳಿತದ್ದು. ಲವಂಗ. ಧನಿಯಾ ಅರ್ಧ ಕೆಜಿ. ಕಿತ್ತಳೆ. ಕಾಫಿಪುಡಿ. ಹಾಗಲಕಾಯಿ. ಪಕ್ಕದಲ್ಲಿ ಕನ್ನಡಕದ ಕೆಳಗೆ ನನ್ನ ಪೇ-ಇನ್ ಸ್ಲಿಪ್ಪು.

"ಶರ್ಟು ನೆನೆಹಾಕೋಕೆ ತಗೊಂಡೆ, ಜೇಬಲ್ಲಿ ಚೀಟಿ ಇತ್ತು. ಸಾಮಾನು ತರಬೇಕು ಅಂತ ಹೇಳೋದಲ್ವೇನೋ? ನಾನೇ ಶೆಟ್ಟರ ಅಂಗಡಿಗೆ ಹೋಗಿಬಂದೆ. ಹಾಗಲಕಾಯಿ ಜಾಸ್ತಿ ಅಂತ ಬರ್ದಿದ್ದೆ, ಒಂದು ಕೆಜಿ ತಂದಿದೀನಿ. ಯಾಕೋ, ಶುಗರ್ ಗಿಗರ್ ಬಂತೇನೋ?"

"ಇಲ್ಲಮ್ಮ."

"ಸೀದ ಬ್ರೆಡ್ಡು ತರಲಿಲ್ಲ. ಅದು ಮನೇಲೇ ಆಗತ್ತೆ." ಅಡುಗೆಮನೆಯಲ್ಲಿ ಪಾತ್ರೆಯೊಂದು ಸ್ವಲ್ಪ ಜೋರಾಗಿ ಕೂತಿತು.

ಮಧ್ಯಾಹ್ನದ ಊಟಕ್ಕೆ ಹಾಗಲಕಾಯಿ ಗೊಜ್ಜು, ಕಿತ್ತಳೆ ಸಿಪ್ಪೆ ಗೊಜ್ಜು, ಹೊಸ ಹುಳಿಪುಡಿಯ ಹುಳಿ, ಬಾಳೆಹಣ್ಣಿನ ರಸಾಯನ, ಉಪ್ಪು ಹಾಕಿದ ಮಜ್ಜಿಗೆ. ನಿನ್ನೆಯ ಹಲಗೆ ಇಡಿಯಾಗಿ ತಟ್ಟೆಗೆ ಬಂದಿತ್ತು. ಎರಡನೇ ತುತ್ತು ಬಾಯಿಗಿಟ್ಟಾಗ ಅಮ್ಮ ಮತ್ತೆ ಚೀಟಿ ಬಿಡಿಸಿದರು.

"ಇದೊಂದು ಸಿಗಲಿಲ್ಲ. ಕುದುರೆ ಕಂಬಳಿ. ಶೆಟ್ಟರನ್ನ ಕೇಳಿದೆ. ನಕ್ಕುಬಿಟ್ಟರು. ರೇಸ್‌ಕೋರ್ಸ್ ಕಡೆ ವಿಚಾರಿಸಿ ಅಂದರು." ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿದರು. "ನಿಜ ಹೇಳು. ನಿನ್ನೆ ಹೋಗಿದ್ದು ಅಲ್ಲಿಗೇನಾ? ಕುದುರೆ ಬಾಲಕ್ಕೆ ದುಡ್ಡು ಕಟ್ಟೋಕೆ ಶುರು ಮಾಡಿದೀಯಾ?"

ಹೆಂಡತಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಹೇಳ್ರೀ. ಅತ್ತೆ ಕೇಳ್ತಿದಾರಲ್ಲ?"

ನಾನು ತಟ್ಟೆ ಮುಂದೆ ಚಾಚಿ ಇನ್ನೊಂದು ಸೌಟು ಹಾಗಲಕಾಯಿ ಗೊಜ್ಜು ಹಾಕಿಸಿಕೊಂಡೆ.