ಸಿಡಿ ಯಾರು ಕೊಳ್ಳುತ್ತಾರೆ ಅಂತ ಕೇಳುವವರಿಗೆ

ಮುಂಬೈಯ ನಮ್ಮ ಕನ್ನಡ ಸಂಗೀತ ತಂಡದ ಹೊಸ ಆಲ್ಬಮ್ ರೆಡಿ ಆಗಿದೆ. ಕೆಲವು ವಚನ, ಎರಡು ದಾಸರ ಪದ, ಉಳಿದದ್ದು ನಾವೇ ಬರೆದದ್ದು. (ಬೇಂದ್ರೆಯವರದ್ದು ಯಾಕಿಲ್ಲ ಅಂತ ಕೇಳಬೇಡಿ. ಕವಿ ತೀರಿಕೊಂಡು 60 ವರ್ಷದವರೆಗೆ ಹಕ್ಕು ಕುಟುಂಬದ ಕೈಯಲ್ಲಿರುತ್ತದೆ. ಅನುಮತಿ ಕೇಳುವ ಕೆಲಸ ಇನ್ನೂ ಮುಗಿದಿಲ್ಲ.) ಈಗ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಜಗಳ. ಸಿಡಿ ಮಾಡಿಸೋದಾ, ಬರೀ ಆನ್‌ಲೈನ್ ಬಿಡೋದಾ?

ಕೀಬೋರ್ಡ್ ನುಡಿಸುವ ಹುಡುಗನ ವಾದ ಸರಳ. "ಹಾಕೋಕೆ ಪ್ಲೇಯರ್ ಯಾರ ಮನೆಯಲ್ಲಿದೆ ಸಾರ್?" ಸರಿಯಾದ ಪ್ರಶ್ನೆಯೇ. ನನ್ನ ಲ್ಯಾಪ್‌ಟಾಪಿನಲ್ಲೂ ಸಿಡಿ ಹಾಕುವ ಜಾಗ ಇಲ್ಲ. ಆದರೂ ನನ್ನ ವೋಟು ಮಾಡಿಸೋಣ ಅನ್ನುವ ಕಡೆಗೇ. ಹಳೇ ಕಾಲದ ಮೋಹ ಅಂತ ಅವನು ಗೇಲಿ ಮಾಡುತ್ತಾನೆ. ಮೋಹ ಸ್ವಲ್ಪ ಇರಬಹುದು, ಇಲ್ಲ ಅನ್ನಲ್ಲ. ಆದರೆ ನಾನು ಹೇಳುತ್ತಿರುವುದು ದುಡ್ಡಿನ ಲೆಕ್ಕ.

ಸ್ಟ್ರೀಮಿಂಗ್, ಅಂದರೆ ಆಪಿನಲ್ಲಿ ಜನ ಹಾಡು ಕೇಳುವುದರ ದುಡ್ಡು ಹೇಗೆ ಬರುತ್ತದೆ ಅನ್ನುವುದನ್ನು ಹಾಡುವವರೇ ಎಷ್ಟೋ ಜನ ಕೂತು ನೋಡಿಲ್ಲ. ಒಂದು ಸಲ ಹಾಡು ಓಡಿದರೆ ಇಷ್ಟು ಪೈಸೆ ಅಂತ ಫಿಕ್ಸ್ ರೇಟು ಇರುವುದಿಲ್ಲ. ತಿಂಗಳ ಚಂದಾ, ಜಾಹೀರಾತಿನ ದುಡ್ಡು ಎಲ್ಲವನ್ನೂ ಒಟ್ಟಿಗೆ ಹಾಕುತ್ತಾರೆ. ಕಂಪನಿ ತನ್ನ ಪಾಲು ತೆಗೆಯುತ್ತದೆ. ಉಳಿದದ್ದನ್ನು ಯಾರ ಹಾಡು ಎಷ್ಟು ಓಡಿತು ಅಂತ ನೋಡಿ ಹಂಚುತ್ತಾರೆ. ಹಾಗಾಗಿ ಮುಲುಂಡ್‌ನ ಒಬ್ಬರು ತಿಂಗಳಿಡೀ ನಮ್ಮ ಹಾಡು ಬಿಟ್ಟು ಬೇರೇನೂ ಕೇಳದಿದ್ದರೂ, ಅವರು ಕಟ್ಟಿದ ಚಂದಾದ ಬಹುಪಾಲು ಹೋಗುವುದು ಆ ತಿಂಗಳ ಹಿಟ್ ಸಿನಿಮಾ ಹಾಡಿಗೆ. ಅದೂ ನಮ್ಮಲ್ಲಿ ಚಂದಾ ಕಟ್ಟುವವರಿಗಿಂತ ಜಾಹೀರಾತು ಸಹಿಸಿಕೊಂಡು ಪುಕ್ಕಟೆ ಕೇಳುವವರೇ ಜಾಸ್ತಿ.

2024ರಿಂದ ಸ್ಪಾಟಿಫೈ ಅನ್ನುವ ದೊಡ್ಡ ಹಾಡಿನ ಆಪ್ ಇನ್ನೊಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ 1000 ಸಲವಾದರೂ ಓಡದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿಯೇ (ಧ್ವನಿಮುದ್ರಣಕ್ಕೆ ಕೊಡುವ ಪಾಲು) ಇಲ್ಲ. 1000 ಏನು ಮಹಾ ಅನ್ನಿಸಬಹುದು. ಅಲ್ಲಮನ ಒಂದು ವಚನ, ತಂಬೂರಿ, ಮ್ಯಾಂಡೊಲಿನ್, ಏಳು ನಿಮಿಷ. ಓಡಿಸಿ ನೋಡಿ.

ಇಷ್ಟಕ್ಕೂ ಹಾಡನ್ನು ನಾವೇ ನೇರವಾಗಿ ಅಲ್ಲಿ ಹಾಕುವ ಹಾಗಿಲ್ಲ. ನಡುವೆ ಹಾಡನ್ನು ಆಪುಗಳಿಗೆ ತಲುಪಿಸುವ ಒಬ್ಬ ಡಿಸ್ಟ್ರಿಬ್ಯೂಟರ್ ಬೇಕು. ಹಲವರಿಗೆ ವರ್ಷಕ್ಕಿಷ್ಟು ಅಂತ ಕಟ್ಟಬೇಕು. ಎಷ್ಟೋ ಕಡೆ ಕಟ್ಟುವುದು ನಿಲ್ಲಿಸಿದರೆ ಹಾಡನ್ನೂ ಇಳಿಸಿಬಿಡುತ್ತಾರೆ. ಮುಂಬೈಯ ಹನ್ನೊಂದು ತಿಂಗಳ ಬಾಡಿಗೆ ಅಗ್ರಿಮೆಂಟ್ ಇದ್ದ ಹಾಗೆ. ಗೋಡೆಗೆ ಬಣ್ಣ ಬಳಿದವರು ನೀವು, ಮನೆ ಅವರದ್ದು.

ನಮ್ಮ ಹಿಂದಿನ ಸಿಂಗಲ್ (ಒಂದೇ ಹಾಡು) ಆನ್‌ಲೈನಿನಲ್ಲಿ ಬಿಟ್ಟಾಗ ಏನಾಯಿತು ಗೊತ್ತಾ? ಅದು ಹೋಗಿ ಕೂತದ್ದು ನಮ್ಮದೇ ಹೆಸರಿನ ಇನ್ಯಾರದೋ ಪ್ರೊಫೈಲಿನಲ್ಲಿ. ಆ ಪುಣ್ಯಾತ್ಮ ಮಾಡುವುದು ಜಿಮ್ಮಿನಲ್ಲಿ ಹಾಕುವಂಥ ಡಂಡಂ ಸಂಗೀತ. ಅದರ ಮಧ್ಯೆ ನಮ್ಮ ಪುರಂದರದಾಸರು. ಡಿಸ್ಟ್ರಿಬ್ಯೂಟರ್‌ಗೆ ಮೇಲ್ ಮಾಡಿದರೆ ಯಂತ್ರದ ಉತ್ತರ, ಇನ್ನೊಂದು ಮೇಲ್ ಮಾಡಿದರೆ ಅದೇ ಉತ್ತರ. ಸರಿ ಹೋಗುವಷ್ಟರಲ್ಲಿ ಬಿಡುಗಡೆಯ ಬಿಸಿ ಪೂರ್ತಿ ಆರಿತ್ತು. ಟ್ರೆಡ್‌ಮಿಲ್ ಮೇಲಿದ್ದವರು ದಾಸರನ್ನು ಕೇಳಿ ಏನಂದುಕೊಂಡರೋ, ಅವರನ್ನೇ ಕೇಳಬೇಕು.

ನೆಟ್ಟಿಗೆ ಹಾಕಿದ್ದು ಶಾಶ್ವತ ಅನ್ನುವ ಮಾತನ್ನೂ ನಾನು ನಂಬುವುದಿಲ್ಲ. ಜನ ಹಾಡು ಹಾಕುತ್ತಿದ್ದ ಹಳೇ ಜಾಲತಾಣ ಮೈಸ್ಪೇಸ್ ನೆನಪಿದೆಯಾ? 2003ರಿಂದ 2015ರವರೆಗೆ ಜನ ಹಾಕಿದ ಹಾಡುಗಳು ಸರ್ವರ್ ಬದಲಾಯಿಸುವಾಗ ಹೋದವು ಅಂತ 2019ರಲ್ಲಿ ಗೊತ್ತಾಯಿತು. ಐದು ಕೋಟಿ ಹಾಡು ಅಂತ ಆಗ ಲೆಕ್ಕ ಹೇಳಿದ್ದರು. ನಮ್ಮಲ್ಲೇ ನೋಡಿ, 2024ರಲ್ಲಿ ರೆಸ್ಸೊ ಅನ್ನುವ ಹಾಡಿನ ಆಪ್ ಬಾಗಿಲು ಹಾಕಿತು. ಅದೇ ವರ್ಷ ಏರ್‌ಟೆಲ್ ತನ್ನ ಹಾಡಿನ ಆಪ್ ವಿಂಕ್ ಮ್ಯೂಸಿಕ್ ಮುಚ್ಚುವುದಾಗಿ ಹೇಳಿತು. ಹಾಡಿನ ಫೈಲು ನಮ್ಮ ಹತ್ತಿರ ಇರುತ್ತದೆ, ನಿಜ. ಆದರೆ ಜನ ಮಾಡಿಟ್ಟುಕೊಂಡ ಪ್ಲೇಲಿಸ್ಟು, ಕೂಡಿಸಿದ್ದ ಕೇಳುಗರು?

ಹಾಗಂತ ಆನ್‌ಲೈನ್ ಬೇಡ ಅಂತ ಹೇಳುತ್ತಿಲ್ಲ. ಖಂಡಿತ ಬೇಕು. ಶಿರಸಿಯ ಕಾಲೇಜು ಹುಡುಗಿಯೋ, ಮಸ್ಕತ್‌ನಲ್ಲಿ ಕೆಲಸ ಮಾಡುವ ಕುಂದಾಪುರದವರೋ ನಮ್ಮನ್ನು ಕೇಳುವುದು ಅದರಿಂದಲೇ. ಹಿಂದೆ ಇದು ಕನಸಿನ ಮಾತಾಗಿತ್ತು. ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬರಲು ಮುಂಬೈಯ ಸಂಗೀತ ನಿರ್ದೇಶಕರು ವಿಶಾಲ್-ಶೇಖರ್ ತಮ್ಮದೇ ಲೇಬಲ್ (ಆಲ್ಬಮ್ ತರುವ ಕಂಪನಿ) ಮಾಡಬೇಕಾಯಿತು. ಅದು 2008. ಈಗ ಯಾರ ಬಾಗಿಲೂ ತಟ್ಟಬೇಕಾಗಿಲ್ಲ. ನನ್ನ ಮಾತು ಇಷ್ಟೇ: ಆನ್‌ಲೈನ್ ಇರುವುದು ನಾವು ಯಾರು ಅಂತ ಜನಕ್ಕೆ ಗೊತ್ತಾಗಲು. ದುಡ್ಡು ಬರುವುದು ಸಭಾಂಗಣದ ಬಾಗಿಲ ಪಕ್ಕದ ಟೇಬಲ್ಲಿನಿಂದ.

ಅಂಗಡಿಯಿಂದ ಅಲ್ಲ, ಗಮನಿಸಿ. ಅಂಗಡಿ ಈಗ ಎಲ್ಲಿದೆ? ಕಾಲಾಘೋಡಾದ ರಿದಮ್ ಹೌಸ್ 2016ರಲ್ಲೇ ಮುಚ್ಚಿತು. ನಮ್ಮಂಥವರ ಅಂಗಡಿ ಅಂದರೆ ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕುರ್ಲಾದ ಬಂಟರ ಭವನ. ಕಾರ್ಯಕ್ರಮ ಮುಗಿದ ಮೇಲೆ ಹತ್ತು-ಹದಿನೈದು ನಿಮಿಷ ಸಿಗುತ್ತದೆ, ಅಷ್ಟೇ. ಅರ್ಧ ಜನಕ್ಕೆ ದಾದರ್‌ಗೆ ಹೋಗಿ ಕಲ್ಯಾಣ ಫಾಸ್ಟ್ ಲೋಕಲ್ ರೈಲು ಹಿಡಿಯುವ ಅವಸರ. ಇನ್ನರ್ಧ ಜನ ಊರಿನವರು ಸಿಕ್ಕಿದರು ಅಂತ ಬಾಗಿಲಲ್ಲೇ ನಿಂತಿರುತ್ತಾರೆ. ಟೇಬಲ್ಲನ್ನು ಅವರ ದಾರಿಗೆ ಅಡ್ಡ ಆಗದ ಹಾಗೆ, ಆದರೆ ಕಣ್ಣು ತಪ್ಪದ ಹಾಗೆ ಇಡಬೇಕು. ಅದೊಂದು ಕಲೆ. ಒಂದು ಯುಪಿಐ ಸ್ಕ್ಯಾನರ್ ಸಾಕು. ಆ ಹತ್ತು ನಿಮಿಷದಲ್ಲಿ ಬಂದ ದುಡ್ಡನ್ನು ನಮ್ಮ ಸಿಂಗಲ್ ಆನ್‌ಲೈನಿನಲ್ಲಿ ಇವತ್ತಿನವರೆಗೂ ತಂದುಕೊಟ್ಟಿಲ್ಲ.

"ಬ್ಯಾಂಡ್‌ಕ್ಯಾಂಪ್ ಇದೆಯಲ್ಲ, ಅಲ್ಲಿ ಜನ ನೇರ ದುಡ್ಡು ಕೊಡ್ತಾರಲ್ಲ" ಅನ್ನುತ್ತಾನೆ ಹುಡುಗ. ಇದೆ. ಒಳ್ಳೆಯದೇ. ಹಾಡುವವರು ತಮ್ಮ ಹಾಡನ್ನು ತಾವೇ ಮಾರುವ ಜಾಲತಾಣ ಅದು. ಡಿಜಿಟಲ್ ಮಾರಾಟದಲ್ಲಿ ಅವರು ಹಿಡಿದುಕೊಳ್ಳುವುದು ಶೇಕಡ 15. ಆದರೆ ಅಲ್ಲಿ ಕಲಾವಿದನಿಗೆ ದುಡ್ಡು ಬರುವುದು ಪೇಪಾಲ್ ಅನ್ನುವ ಆನ್‌ಲೈನ್ ಪಾವತಿ ಕಂಪನಿಯ ದಾರಿಯಲ್ಲಿ, ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದ ಒಳಗಿನ ಪಾವತಿ ನಿಲ್ಲಿಸಿದೆ. ಹೀಗಾಗಿ ನಮ್ಮ ಹಾಡನ್ನು ನ್ಯೂಜೆರ್ಸಿಯ ಅಕ್ಕ ಕೊಳ್ಳುವುದು ಸಲೀಸು, ಡೊಂಬಿವ್ಲಿಯ ತಮ್ಮ ಕೊಳ್ಳುವುದು ತಲೆನೋವು. ವಿಚಿತ್ರ ಅಲ್ವಾ?

ಇನ್ನು ಆ ಪ್ಲೇಯರ್ ಪ್ರಶ್ನೆ. ಕಳೆದ ಸಲ ಮಾಟುಂಗಾದಲ್ಲಿ ಒಬ್ಬ ಅಜ್ಜಿ ಟೇಬಲ್ಲಿನ ಹತ್ತಿರ ಬಂದರು. ಸಿಡಿ ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ಹಾಡು ಹೇಗಿದೆ, ಯಾವ ರಾಗ, ಪ್ಲೇಯರ್ ಬೇಕಾ, ಯಾವುದನ್ನೂ ಕೇಳಲಿಲ್ಲ. "ಒಳಗೆ ಸಾಹಿತ್ಯ ಇದೆಯಾ?" ಅಂದರು. ಇದೆ ಅಂತ ಚೀಟಿ ಬಿಚ್ಚಿ ತೋರಿಸಿದೆ. ಅಕ್ಷರ ಇರುವೆ ಸಾಲು. ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದು ಎರಡು ಸಾಲು ಓದಿದರು, ತಾಳ ಹಾಕಿಕೊಂಡು. ಆಮೇಲೆ, "ನಂಗೆ ಸಾಕು. ಆದ್ರೆ ಮೊಮ್ಮಗಳಿಗೆ ಹಾಡೋ ಆಸೆ. ಅವಳಿಗೆ ಕನ್ನಡ ಮಾತು ಬರುತ್ತೆ, ಓದೋಕೆ ಬರಲ್ಲ. ಮರಾಠಿ ಅಕ್ಷರದಲ್ಲಿ ಇದ್ದಿದ್ರೆ ಚೆನ್ನಾಗಿತ್ತು" ಅಂದರು. ಆದರೂ ಒಂದು ಕೊಂಡರು. ಮನೆಯಲ್ಲಿ ಪ್ಲೇಯರ್ ಇಲ್ಲ ಅಂತ ಹೋಗುವಾಗ ಅವರೇ ಹೇಳಿದರು, ನಗುತ್ತಾ.

ಮುಂಬೈ ಕನ್ನಡಿಗರ ಯಾವ ಮನೆಗೆ ಹೋದರೂ ಈ ಮೊಮ್ಮಗಳು ಇದ್ದಾಳೆ. ಅಡುಗೆಮನೆಯಲ್ಲಿ ಕನ್ನಡ ಮಾತು, ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಹಿಂದಿ. ಸ್ಟ್ರೀಮಿಂಗ್ ಆಪ್ ಅವಳಿಗೆ ಹಾಡು ಕೇಳಿಸಬಹುದು. ಹಾಡಿಸಲು ಕಾಗದ ಬೇಕು. ಸಂಗೀತ ಕ್ಲಾಸಿನಲ್ಲಿ ಹಾರ್ಮೋನಿಯಂ ಮೇಲೆ ಒರಗಿಸಿ ಇಡುವ ಹಾಳೆ ಬೇಕು.

ಹಾಗಾಗಿ ಈ ಸಲ ನನ್ನ ಪ್ರಸ್ತಾಪ ಹೀಗಿದೆ. ನೋಟ್‌ಬುಕ್ಕಿನ ಅರ್ಧ ಗಾತ್ರದ ಒಂದು ಪುಸ್ತಿಕೆ. ಎಡಪುಟದಲ್ಲಿ ಕನ್ನಡ, ದಪ್ಪ ಅಕ್ಷರ. ಬಲಪುಟದಲ್ಲಿ ಅದೇ ಸಾಲು ದೇವನಾಗರಿಯಲ್ಲಿ, ಅಂದರೆ ಅಜ್ಜಿ ಹೇಳಿದ ಮರಾಠಿ ಅಕ್ಷರದಲ್ಲಿ. ಹಿಂಬದಿಯ ಜೇಬಿನಲ್ಲಿ ಸಿಡಿ. ಕೊನೆಯ ಪುಟದಲ್ಲಿ ಕ್ಯೂಆರ್ ಕೋಡ್. ದೇವನಾಗರಿಗೆ ಇಳಿಸುವುದು ಅಂದುಕೊಂಡಷ್ಟು ಸುಲಭ ಇಲ್ಲ ಅನ್ನುವುದು ಕೂತ ಮೇಲೆ ಗೊತ್ತಾಯಿತು. ಮರಾಠಿಯಲ್ಲಿ ಳ ಇದೆ, ಬಚಾವ್. ಆದರೆ ಎ-ಏ, ಒ-ಓ ಬೇರೆ ಬೇರೆ ಇಲ್ಲ. ಕೊಡು, ಕೋಡು ಎರಡೂ ಒಂದೇ ಥರ ಕಾಣುತ್ತವೆ. ಹ್ರಸ್ವಕ್ಕೆ ಯೂನಿಕೋಡಿನಲ್ಲಿ (ಕಂಪ್ಯೂಟರಿನ ಅಕ್ಷರಪಟ್ಟಿ) ಬೇರೆ ಚಿಹ್ನೆ ಇದೆ, ಅದನ್ನು ಇಲ್ಲಿನ ಮಕ್ಕಳು ಕಂಡೇ ಇಲ್ಲ. ಸದ್ಯಕ್ಕೆ ದೀರ್ಘದ ಕೆಳಗೆ ಒಂದು ಗೆರೆ ಎಳೆಯೋಣ ಅಂತ ಮಾತಾಗಿದೆ. ವಚನದಲ್ಲಿ ದೀರ್ಘ ತಪ್ಪಿದರೆ ಅಜ್ಜಿ ಬಿಡುತ್ತಾರಾ?

ಕಾಗದದಿಂದ ಇನ್ನೊಂದು ಉಪಯೋಗ, ನನಗೆ ಇದೇ ಮುಖ್ಯ: ಹೆಸರು. ಭಾವಗೀತೆ ಮನೆಮನೆಗೆ ಹೋದದ್ದು ಕ್ಯಾಸೆಟ್ಟಿನಿಂದ. 1978ರಲ್ಲಿ ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತದ 'ನಿತ್ಯೋತ್ಸವ' ಬಂತು. ಆಮೇಲೆ ಬಂದ ಕ್ಯಾಸೆಟ್ಟುಗಳ ಒಳಚೀಟಿ ಓದಿ ಓದಿಯೇ ಕವಿ ಯಾರು, ಸಂಗೀತ ಯಾರದು, ಕೊಳಲು ಯಾರದು ಅಂತ ನಮ್ಮ ಪೀಳಿಗೆಗೆ ಬಾಯಿಪಾಠ ಆಗಿದ್ದು. ಈಗ ಆಪ್ ತೆರೆದರೆ ಹಾಡಿನ ಹೆಸರು, ಗಾಯಕರ ಹೆಸರು. ಉಳಿದವರು ಬೇಕಾದರೆ ಮೂರು ಚುಕ್ಕಿ ಒತ್ತಿ ಒಳಗೆ ಹೋಗಬೇಕು. ಅಲ್ಲೂ ಡಿಸ್ಟ್ರಿಬ್ಯೂಟರ್ ಕಳಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ತಬಲಾದವರು ಹುಬ್ಬಳ್ಳಿ ಕಡೆಯವರು, ಕಲ್ಯಾಣದಲ್ಲಿ ಪಾಠ ಹೇಳಿ ಸಂಸಾರ ನಡೆಸುತ್ತಾರೆ. ಅವರಿಗೆ ಸ್ಟ್ರೀಮಿಂಗ್ ಪಾಲು ಒಂದು ಚಹಾಕ್ಕೂ ಸಾಲದು. ಆದರೆ ಪುಸ್ತಿಕೆಯಲ್ಲಿ ಹೆಸರು ನೋಡಿ ಯಾರೋ ಒಬ್ಬರು ಮಗನನ್ನು ಕ್ಲಾಸಿಗೆ ಕಳಿಸಿದರೆ, ಅದು ತಿಂಗಳು ತಿಂಗಳು ಬರುವ ದುಡ್ಡು.

"ಹಾಗಾದರೆ ಸಿಡಿ ಯಾಕೆ, ಪುಸ್ತಕ ಮತ್ತು ಕ್ಯೂಆರ್ ಸಾಕಲ್ಲ?" ಹುಡುಗ ಬಿಡುವವನಲ್ಲ. ಇದು ಅವನ ಅತಿ ಒಳ್ಳೆಯ ಪ್ರಶ್ನೆ. ನನ್ನ ಉತ್ತರ: ಕ್ಯೂಆರ್ ಅಂದರೆ ಒಂದು ವಿಳಾಸ. ಆ ವಿಳಾಸದಲ್ಲಿ ಐದು ವರ್ಷದ ಮೇಲೆ ಏನಿರುತ್ತದೋ. ಸಿಡಿಯಲ್ಲಿ ಹಾಡು ಪೂರ್ತಿ ಗುಣಮಟ್ಟದಲ್ಲಿ, ಅಲ್ಲೇ ಇರುತ್ತದೆ. ಯಾರ ಅನುಮತಿಯೂ ಬೇಡ. ಸಂಘದ ಲೈಬ್ರರಿ ಇಟ್ಟುಕೊಳ್ಳಬಹುದು. ಇನ್ನು ಹಿರಿಯರಿಗೆ ಕೈಯಲ್ಲಿ ಹಿಡಿಯುವ ವಸ್ತುವಿನ ಮೇಲೆ ಆಸೆ ಇಲ್ಲ ಅನ್ನುವವರು, ಸಾರೆಗಾಮಾ ಸಂಗೀತ ಕಂಪನಿಯವರು 2017ರಲ್ಲಿ ತಂದ ಕಾರವಾನ್ ಯಾಕೆ ಹಾಗೆ ಮಾರಾಟವಾಯಿತು ಅಂತ ಯೋಚಿಸಲಿ. 5000 ಹಾಡು ತುಂಬಿದ ಒಂದು ಪೆಟ್ಟಿಗೆ. ಅದರಲ್ಲಿದ್ದ ಹಾಡುಗಳಲ್ಲಿ ಎಷ್ಟೋ ಫೋನಿನಲ್ಲಿ ಪುಕ್ಕಟೆ ಸಿಗುತ್ತಿದ್ದವು.

ಆದರೆ ಎಷ್ಟು ಸಿಡಿ ಅನ್ನುವ ವಿಷಯದಲ್ಲಿ ನಾನು ಹುಡುಗನ ಕಡೆ, ಕಮ್ಮಿಯೇ ಸಾಕು. ಕಾರ್ಖಾನೆಯಲ್ಲಿ ಅಚ್ಚು ಮಾಡಿ ಒತ್ತಿಸಿದರೆ ಒಂದೊಂದರ ಬೆಲೆ ಕಮ್ಮಿ ಬೀಳುತ್ತದೆ. ಆದರೆ ಅಲ್ಲಿ ನೂರರ ಲೆಕ್ಕದಲ್ಲಿ ಆರ್ಡರ್ ಕೇಳುತ್ತಾರೆ. ನನಗೆ ಗೊತ್ತಿರುವ ಭಾವಗೀತೆ ಗಾಯಕರೊಬ್ಬರ ಮಂಚದ ಕೆಳಗೆ ಇವತ್ತಿಗೂ ಪೆಟ್ಟಿಗೆಗಳಿವೆ. ಒಂದು ಬೆಡ್‌ರೂಮಿನ ಮನೆ. ಚದರಡಿ ರೇಟಿನಲ್ಲಿ ನೋಡಿದರೆ ಆ ಜಾಗದ ಬೆಲೆ ಸಿಡಿಗಿಂತ ಜಾಸ್ತಿ. ಅವರ ಮನೆಯವರು ಅದನ್ನು ಆಗಾಗ ನೆನಪಿಸುತ್ತಾರೆ. ನಮಗೆ ಕಂಪ್ಯೂಟರಿನಲ್ಲೇ ಬರ್ನ್ ಮಾಡಿದ (ಖಾಲಿ ಡಿಸ್ಕಿಗೆ ಹಾಡು ತುಂಬಿದ) ಸಿಡಿ ಸಾಕು, ಕಾರ್ಯಕ್ರಮಕ್ಕೆ ತಕ್ಕಷ್ಟೇ. ಬಾಳಿಕೆ ಸ್ವಲ್ಪ ಕಮ್ಮಿ, ಹಾಗಾಗಿ ಒಳ್ಳೆಯ ಕಂಪನಿಯ ಖಾಲಿ ಡಿಸ್ಕ್ ಬೇಕು. ಅದೂ ಈಗ ಹುಡುಕಬೇಕು. ನಮ್ಮ ದೇಶದ ದೊಡ್ಡ ತಯಾರಕರಾಗಿದ್ದ ಮೋಸರ್ ಬೇಯರ್ 2018ರಲ್ಲೇ ದಿವಾಳಿಯಾಯಿತು.

ವಿನೈಲ್ (ಗ್ರಾಮಫೋನ್ ತಟ್ಟೆ) ಬಗ್ಗೆ ಕೇಳಿದವರಿಗೆ: ಚೆಂದ. ಮಾಹಿಮ್‌ನಲ್ಲಿ ಅದಕ್ಕೇ ಅಂತ ಅಂಗಡಿ ಇದೆ, ನಾನೂ ಹೋಗಿ ಕೈಯಾಡಿಸಿ ಬಂದಿದ್ದೇನೆ. ಆದರೆ ನಮ್ಮ ಟೇಬಲ್ಲಿಗೆ ಬರುವ ಜನಕ್ಕೆ ಆ ಬೆಲೆ ಹೇಳುವ ಧೈರ್ಯ ನನಗಿಲ್ಲ.

ಕಾರ್ಯಕ್ರಮದಲ್ಲಿ ಮೊದಲು ಪುಸ್ತಿಕೆ, ಒಂದು ತಿಂಗಳ ನಂತರ ಆನ್‌ಲೈನ್. ಇದು ನನ್ನ ಪಟ್ಟು. ಹುಡುಗ ಒಂದು ವಾರ ಸಾಕು ಅನ್ನುತ್ತಿದ್ದಾನೆ. ಎಲ್ಲೋ ಮಧ್ಯದಲ್ಲಿ ನಿಲ್ಲುತ್ತದೆ.

ಈಗ ಒಂದು ಸಹಾಯ ಬೇಕು. ಲೋವರ್ ಪರೇಲ್‌ನಿಂದ ಠಾಣೆಯವರೆಗೆ ಎಲ್ಲಾದರೂ ಸರಿ, ಕನ್ನಡ ಒತ್ತಕ್ಷರ ಕೆಡಿಸದೆ ಮುದ್ರಿಸುವವರು ಗೊತ್ತಿದ್ದರೆ ತಿಳಿಸಿ. ಕಳೆದ ಸಲದ ಚೀಟಿಯಲ್ಲಿ ಅವರ ಸಾಫ್ಟ್‌ವೇರ್ ಫಾಂಟ್ ಒಡೆದು, ಒತ್ತು ಎಲ್ಲ ಪಕ್ಕಕ್ಕೆ ಕಳಚಿ ಬಿದ್ದಿತ್ತು. ಹೊಲಿಗೆ ಹಾಕಿದ ಪುಸ್ತಿಕೆ, ಹಿಂದೆ ಜೇಬು, ಸಣ್ಣ ಆರ್ಡರ್. ಪಿಡಿಎಫ್ ನಾನೇ ಕೊಡುತ್ತೇನೆ, ಆದರೆ ಪ್ರಿಂಟಿಗೆ ಮೊದಲು ಒಂದು ಪ್ರೂಫ್ ಕೈಗೆ ಸಿಗಬೇಕು. ಇನ್‌ಬಾಕ್ಸ್ ಮಾಡಿ.