ಜಡ್ಡಿಗೆ ಎಷ್ಟು ಸಿಗ್ತಡ?

ಹೋದ ತಿಂಗಳು ಊರಿಗೆ ಹೋಗಿದ್ದೆ. ಗಿಡ ಬೆಳೆಸಿದರೆ ಕಾರ್ಬನ್ ದುಡ್ಡು, ಅಂದರೆ ಗಿಡ ಗಾಳಿಯಿಂದ ಹೀರಿ ಹಿಡಿದಿಟ್ಟ ಕಾರ್ಬನ್ನಿಗೆ ದುಡ್ಡು, ಬರುತ್ತದೆ ಅಂತ ಯಾರೋ ಬಂದು ಹೇಳಿ ಹೋಗಿದ್ದರಂತೆ. ದೊಡ್ಡಪ್ಪ ಕೇಳಿದ, "ತಮಾ, ಹಂಗಾದ್ರೆ ನಮ್ಮ ಜಡ್ಡಿಗೆ ಎಷ್ಟು ಸಿಗ್ತಡ?"

ಉತ್ತರ ಕನ್ನಡದ ಸಿದ್ದಾಪುರದ ಕಡೆಯವರಿಗೆ ಜಡ್ಡಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ: ಕಾಡಿನ ನಡುವೆ ವರ್ಷವಿಡೀ ನೀರು ಒಸರುವ ಕೆಸರು ಜಾಗ, ಅಲ್ಲಿ ರಾಮಪತ್ರೆ ಜಾತಿಯ ಮರಗಳು. ಕೆಸರೊಳಗೆ ಬೇರಿಗೆ ಗಾಳಿ ಸಿಗುವುದಿಲ್ಲ. ಹಾಗಾಗಿ ಬೇರುಗಳೇ ಮಂಡಿ ಮಡಚಿದ ಹಾಗೆ ಮೇಲೆದ್ದು ಉಸಿರಾಡುತ್ತವೆ. ನಮ್ಮ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಗೇರಿನ ಸಂಬಂಧಿಯಾದ ಒಂದು ಮರ ಸಿಕ್ಕಿತ್ತು. 2000ದಲ್ಲಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಆ ಜಾಗದ ಹೆಸರನ್ನೇ ಇಟ್ಟರು. ಅಲ್ಲಿಯ ತನಕ ವಿಜ್ಞಾನಿಗಳ ಪಟ್ಟಿಯಲ್ಲಿ ಆ ಮರವೇ ಇರಲಿಲ್ಲ! ಸಿಂಗಳೀಕಗಳು ಓಡಾಡುವುದೂ ಇದೇ ಕಾಡಿನಲ್ಲಿ.

ಕಾರ್ಬನ್ ಲೆಕ್ಕ ಹೇಗೆ ಅಂದರೆ, ಎದೆಮಟ್ಟದಲ್ಲಿ ಮರಕ್ಕೆ ಟೇಪು ಸುತ್ತುತ್ತಾರೆ. ಎತ್ತರ, ಕಟ್ಟಿಗೆಯ ಗಟ್ಟಿತನ ಸೇರಿಸಿ ಒಣ ತೂಕ ಅಂದಾಜು ಮಾಡುತ್ತಾರೆ. ಅದರಲ್ಲಿ ಸುಮಾರು ಅರ್ಧ ಕಾರ್ಬನ್. ಈ ಮರ ಜಗತ್ತಿನಲ್ಲಿ ಎಷ್ಟು ಉಳಿದಿವೆ ಅನ್ನೋದು ಟೇಪಿಗೆ ಗೊತ್ತಾಗಲ್ಲ, ಅಲ್ವಾ? ಇನ್ನೊಂದು ತಮಾಷೆ, ದುಡ್ಡು ಕೊಡುವವರು ಸಾಮಾನ್ಯವಾಗಿ ಕೇಳುವುದು "ಹೊಸದಾಗಿ ಎಷ್ಟು ಸೇರಿಸಿದಿರಿ" ಅಂತ. ಜಡ್ಡಿ ಮೊದಲಿಂದಲೂ ಇದೆ. ಅದಕ್ಕೆ ಸೊನ್ನೆ.

ಈ ಪರೀಕ್ಷೆಯಲ್ಲಿ ಪಾಸಾಗುವುದು ಅಕೇಶಿಯಾ. ಬೇಗ ಬೆಳೆಯುತ್ತದೆ, ದನ ಬಾಯಿ ಹಾಕುವುದಿಲ್ಲ. ನಮ್ಮ ಬಚ್ಚಲ ಒಲೆಗೂ ಅದೇ ಸೌದೆ, ಸುಳ್ಳು ಹೇಳಬಾರದು. ಆದರೆ ಕೆಲವು ವರ್ಷಕ್ಕೆ ಕಡಿದು ಸುಟ್ಟರೆ ಕಾರ್ಬನ್ ಮತ್ತೆ ಗಾಳಿಗೇ. ಅಷ್ಟು ವರ್ಷವೂ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗೆ ಅದರಲ್ಲಿ ಒಂದು ಹಣ್ಣಿಲ್ಲ.

ಮಂಗಟ್ಟೆಯ ಮಾತು ಸುಮ್ನೆ ತೆಗೆದಿದ್ದಲ್ಲ. ರಾಮಪತ್ರೆ ಹಣ್ಣು ನುಂಗಿ ಬೀಜವನ್ನು ದೂರ ಹೋಗಿ ಉದುರಿಸುವುದು ಅದೇ. ದೊಡ್ಡ ಬೀಜದ ಮರಗಳಲ್ಲಿ ಗಟ್ಟಿ ಕಟ್ಟಿಗೆಯವು ಜಾಸ್ತಿ. ಬೀಜ ಸಾಗಿಸುವ ಪ್ರಾಣಿ, ಹಕ್ಕಿ ಹೋದರೆ ಕಾಲಕ್ರಮೇಣ ಕಾಡಿನ ಕಾರ್ಬನ್ನೂ ಇಳಿಯುತ್ತದೆ ಅಂತ ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನ ಬಗ್ಗೆ 2015ರಲ್ಲೇ ವಿಜ್ಞಾನಿಗಳು ಬರೆದಿದ್ದಾರೆ. ಹಳೇ ಕಾಡಿನಲ್ಲಿ ಹಕ್ಕಿಗೂ ಕಾರ್ಬನ್ನಿಗೂ ಜಗಳವೇ ಇಲ್ಲ. ಜಗಳ ಶುರುವಾಗುವುದು ನಾವು ಗುದ್ದಲಿ ಹಿಡಿದು ಹೊರಟಾಗ.

ಕುದುರೆಮುಖದ ಹುಲ್ಲುಗುಡ್ಡ ನೋಡಿ "ಅಯ್ಯೋ, ಬೋಳಾಗಿದೆ, ಗಿಡ ನೆಡಬೇಕಿತ್ತು" ಅನ್ನುವವರು ಎಷ್ಟು ಜನ! ಅದು ಬೋಳಲ್ಲ ಮಾರಾಯ್ರೆ. ಅಲ್ಲಿನ ಕಾರ್ಬನ್ ಬಹುಪಾಲು ಮಣ್ಣಿನೊಳಗಿದೆ. ನೀಲಗಿರಿ ಬೆಟ್ಟದಲ್ಲಿ ಬ್ರಿಟಿಷರು ಹೀಗೇ ಹುಲ್ಲುಗಾವಲಿಗೆ ಆಸ್ಟ್ರೇಲಿಯಾದ ವಾಟಲ್ ಮರ ತಂದರು. ಅದು ಇನ್ನೂ ಹಬ್ಬುತ್ತಲೇ ಇದೆ.

ನನ್ನ ಲೆಕ್ಕ ಬೇರೆ. ಮೊದಲು ನಿಂತಿರುವ ಕಾಡು ಹೋಗದ ಹಾಗೆ ನೋಡಿ. ಆಮೇಲೆ ತೋಟಕ್ಕೆ ಸೊಪ್ಪು ಕಡಿದು ಬೋಳಾದ ಸೊಪ್ಪಿನ ಬೆಟ್ಟವನ್ನು ಕೆಲ ವರ್ಷ ಅದರ ಪಾಡಿಗೆ ಬಿಡಿ. ನೆಡುವುದು ಕೊನೆಗೆ, ಅದೂ ಊರಿನ ಗಿಡ. ಕಾಯುವವರಿಗೂ ದುಡ್ಡು ಕೊಡಿ, ನೆಡುವವರಿಗೆ ಮಾತ್ರ ಅಲ್ಲ.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಕಡಿಯುವ ಅಪಾಯ ಇದೆ ಅಂತ ತೋರಿಸಿದರೆ ನಿಂತ ಕಾಡಿಗೂ ದುಡ್ಡು ಕೊಡುವ ಯೋಜನೆಗಳಿವೆ ಅಂತಲೂ ಹೇಳಿದೆ. ಕವಳ ಉಗಿದು ಬಂದು ಕೇಳಿದ, "ಹಂಗಾದ್ರೆ ಜಡ್ಡಿಲಿ ಕೊಡಲಿ ಹಿಡ್ಕಂಡು ನಿತ್ಕತ್ತೆ, ಒಂದು ಫೋಟೋ ತೆಗಿ."