ಒಂದು ವಿಷಯ ಹೋದರೆ ವರ್ಷ ಹೋಗಲ್ಲ

ನಮ್ಮ ಕೊಡಗಿನ ಸೋಮವಾರಪೇಟೆ, ಸುಂಟಿಕೊಪ್ಪ ಕಡೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಎಸ್ಸೆಸ್ಸೆಲ್ಸಿ ಪರೀಕ್ಷೆ 1ರಲ್ಲಿ ಒಂದು ವಿಷಯ ಹೋದರೂ ಆರೂ ವಿಷಯ ಮತ್ತೆ ಬರೆಯಬೇಕು, ಎರಡನೇ ಸಲ ಅಂಕ ಕಮ್ಮಿ ಬಂದರೆ ಹಳೆಯದೂ ಹೋಯಿತು ಅಂತ. ಎರಡೂ ಸುಳ್ಳು.

2023-24ರಿಂದ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ: ಮೊದಲನೆಯದು ಪರೀಕ್ಷೆ 1, ಅದಾದ ಮೇಲೆ ಪರೀಕ್ಷೆ 2. ಗಣಿತ ಒಂದೇ ಹೋಗಿದ್ದರೆ ಪರೀಕ್ಷೆ 2ಕ್ಕೆ ಗಣಿತ ಒಂದನ್ನೇ ಕಟ್ಟಿದರೆ ಸಾಕು. ಪಾಸಾದವರೂ ಅಂಕ ಜಾಸ್ತಿ ಮಾಡಿಕೊಳ್ಳಲು ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದೇ ಉಳಿಯುತ್ತದೆ. ಇದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇಲ್ಲ.

ನಮ್ಮ ಪಕ್ಕದ ಮನೆಯ ಅಕ್ಕ ಆ ಮೆಸೇಜ್ ನೋಡಿ, ಕಾಫಿ ಕಣದಲ್ಲಿ ನಿಂತುಕೊಂಡೇ, ಮಗನನ್ನು ತೋಟದ ಕೆಲಸಕ್ಕೆ ಹಾಕುವ ಮಾತಾಡಿದರು. ಹುಡುಗನಿಗೆ ಹೋಗಿರೋದು ಗಣಿತ ಒಂದೇ! ಸುಮ್ನೆ ಫಾರ್ವರ್ಡ್ ಮಾಡೋರಿಗೆ ಇದೆಲ್ಲ ಎಲ್ಲಿ ಕಾಣುತ್ತೆ.

ನೋಂದಣಿ ಓದಿದ ಶಾಲೆಯ ಮೂಲಕವೇ ಆಗಬೇಕು, ಸೈಬರ್ ಸೆಂಟರ್‌ನವರಿಗೆ ದುಡ್ಡು ಕೊಡಬೇಡಿ. ಫಲಿತಾಂಶ ಬಂದ ಮೇಲೆ ಸಿಗೋ ದಿನ ಬಹಳ ಕಮ್ಮಿ, ಹಾಗಾಗಿ ನೆಟ್‌ವರ್ಕ್ ಬರಲಿ ಅಂತ ಕಾಯದೆ ನೇರ ಹೆಡ್‌ಮಾಸ್ಟರ್ ಹತ್ತಿರ ಹೋಗಿ. ಹೋದಾಗಲೇ ವಿಶೇಷ ತರಗತಿ ಯಾವಾಗ ಅಂತಲೂ ಕೇಳಿ.